ಫೋಟೊ ತುಂಬಿದರೆ ಪತ್ರ ನಿಲ್ಲಬೇಕೆ?

ಶಿರೂರಿನಂಥ ಊರುಗಳಲ್ಲಿ ಹೊಸ ಮೊಬೈಲ್ ಕೊಂಡವರಿಗೆ ಜಿಮೇಲ್ ಖಾತೆಯನ್ನು ಎಷ್ಟೋ ಸಲ ಅಂಗಡಿಯವರೇ ತೆರೆದುಕೊಡುತ್ತಾರೆ. 15 ಜಿಬಿ ಜಾಗ ಉಚಿತ. ಅದು ಬರೀ ಪತ್ರಗಳ ಜಾಗವಲ್ಲ ಎಂಬುದು ಮಾತ್ರ ಗಿರಾಕಿಗೆ ತಿಳಿಯುವುದಿಲ್ಲ. 2013ರಿಂದ ಮೇಲ್, ಡ್ರೈವ್, ಫೋಟೊ ಮೂರಕ್ಕೂ ಒಂದೇ ಲೆಕ್ಕ. ತುಸು ಕುಗ್ಗಿಸಿದ ಫೋಟೊಗಳನ್ನು ಗೂಗಲ್ ಮೊದಲು ಮಿತಿಯಿಲ್ಲದೆ ಇಟ್ಟುಕೊಳ್ಳುತ್ತಿತ್ತು. 2021ರ ಜೂನ್ 1ರಿಂದ ಅವೂ ಇದೇ 15 ಜಿಬಿಯೊಳಗೆ ಬಂದವು. 2024ರಲ್ಲಿ ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ಪೂ ಸೇರಿಕೊಂಡಿತು.

ಜಾಗ ತುಂಬಿದರೆ ಹೊಸ ಫೋಟೊ ಏರುವುದಿಲ್ಲ, ಅಷ್ಟೇ ಎಂದು ಜನ ಭಾವಿಸಿದ್ದಾರೆ. ಆದರೆ ಮೇಲ್ ಬರುವುದೂ ನಿಲ್ಲುತ್ತದೆ. ಬಂದ ಪತ್ರ ಕಳಿಸಿದವರಿಗೇ ವಾಪಸಾಗುತ್ತದೆ, ಬಂದಿತ್ತೆಂಬ ಗುರುತೂ ನಮ್ಮಲ್ಲಿ ಉಳಿಯದು. ಮನೆಮಂದಿಗೆಲ್ಲ ಒಂದೇ ಖಾತೆಯಿದ್ದರೆ, ಜಾತ್ರೆಯ ವಿಡಿಯೊಗಳ ದೆಸೆಯಿಂದ ಮಗಳ ಸಂದರ್ಶನದ ಕರೆಯೇ ತಪ್ಪಬಹುದು. ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ಜಾಗಕ್ಕೆ ಖರ್ಚಿದೆ, ಕಂಪನಿ ಹಣ ಕೇಳಿದರೆ ತಪ್ಪೇನು ಎನ್ನುವವರಿದ್ದಾರೆ. ಫೋಟೊಗೆ ಕೇಳಲಿ, ವಿಡಿಯೊಗೆ ಕೇಳಲಿ. ಲಗತ್ತಿಲ್ಲದ ಒಂದು ಮೇಲ್ 50 ಕೆಬಿ ಎಂದು ಹಿಡಿದರೂ ಒಂದು ಜಿಬಿಯಲ್ಲಿ ಇಪ್ಪತ್ತು ಸಾವಿರ ಪತ್ರ ಹಿಡಿಸುತ್ತವೆ. 5 ಎಂಬಿಯ ಒಂದೇ ಒಂದು ಫೋಟೊ ಅಂಥ ನೂರು ಪತ್ರಗಳ ಜಾಗ ತಿನ್ನುತ್ತದೆ. ಭಾರ ಯಾವುದರದು ಎಂಬುದು ಇಷ್ಟು ಸ್ಪಷ್ಟವಿರುವಾಗ ಪತ್ರವನ್ನೇ ಏಕೆ ತಡೆಯಬೇಕು? ಔಟ್‌ಲುಕ್‌ನ ಹಾದಿಯೂ ಇದೇ: 2023ರಿಂದ ಮೇಲಿನ ಲಗತ್ತುಗಳು ಅಲ್ಲಿ 5 ಜಿಬಿಯ ಇನ್ನೊಂದು ಲೆಕ್ಕಕ್ಕೆ ಹೋಗುತ್ತವೆ, ಅದು ತುಂಬಿದರೂ ಮೇಲ್ ಬಂದ್. ಹಾಟ್‌ಮೇಲ್ 2 ಎಂಬಿ ಕೊಡುತ್ತಿದ್ದ ಕಾಲದಲ್ಲಿ, 2004ರ ಏಪ್ರಿಲ್ 1ರಂದು, ಒಂದು ಜಿಬಿ ಕೊಡುತ್ತೇವೆಂದು ಬಂದ ಜಿಮೇಲ್ ಜನರನ್ನು ಸೆಳೆದದ್ದೇ ಪತ್ರ ಅಳಿಸಬೇಕಾಗಿಲ್ಲ ಎಂಬ ಭರವಸೆಯಿಂದ.

ಅಳಿಸಲು ಹೊರಟವರಿಗೂ ತೊಡಕಿದೆ. ಅಳಿಸಿದ ಮೇಲ್ 30 ದಿನ ಕಸದ ಬುಟ್ಟಿಯಲ್ಲೇ ಕೂತು ಲೆಕ್ಕಕ್ಕೆ ಸೇರುತ್ತಿರುತ್ತದೆ. ಬುಟ್ಟಿಯನ್ನೂ ಖಾಲಿ ಮಾಡಿದರಷ್ಟೇ ಜಾಗ ಸಿಗುತ್ತದೆ.

ಉಚಿತ ಜಾಗದಲ್ಲಿ ಒಂದು ಜಿಬಿಯನ್ನಾದರೂ ಮೇಲಿಗೆಂದೇ ಮೀಸಲಿಡುವಂತೆ ಕೇಂದ್ರ ಸರ್ಕಾರ ಈ ಕಂಪನಿಗಳಿಗೆ ನಿಯಮ ಮಾಡಬೇಕು. ಡಿಜಿಲಾಕರ್‌ನಲ್ಲಿ ದಾಖಲೆ ಇಡಲು ಪ್ರತಿಯೊಬ್ಬರಿಗೂ ಒಂದು ಜಿಬಿ ಕೊಟ್ಟ ಸರ್ಕಾರಕ್ಕೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. ನಿಯಮ ಬರುವತನಕ, ವಾಪಸಾದ ಮೇಲನ್ನು ಅಭ್ಯರ್ಥಿಗೆ ತಲುಪಿತೆಂದು ಯಾವ ನೇಮಕಾತಿ ಕಚೇರಿಯೂ ಎಣಿಸಬಾರದು. ಅಂಥವರಿಗೆ ಎಸ್‌ಎಂಎಸ್ ಕಳಿಸಬೇಕು, ಅಂಚೆಯಲ್ಲೂ ಪತ್ರ ಹಾಕಬೇಕು.