ನೇರ ಕೂರಿ ಎನ್ನುವ ಮೊದಲು ಕುರ್ಚಿ ಕೊಡಿ

ಕಚೇರಿ ಸಿಬ್ಬಂದಿಗೆ ಆರೋಗ್ಯ ತರಬೇತಿ ಅಂದರೆ ನಮ್ಮಲ್ಲಿ ಹೆಚ್ಚಾಗಿ ಇಷ್ಟೇ: ಒಂದು ಹಾಲ್, ಒಂದು ಪಿಪಿಟಿ, ಚಾ-ತಿಂಡಿ, ಗ್ರೂಪ್ ಫೋಟೊ. "ನೇರ ಕೂರಿ, ಗಂಟೆಗೊಮ್ಮೆ ಎದ್ದು ಓಡಾಡಿ, ಮಣಿಕಟ್ಟು ತಿರುಗಿಸಿ." ಮಾತು ತಪ್ಪಲ್ಲ. ಆದರೆ ಮಾರನೇ ದಿನ ಆಪರೇಟರ್ ಅದೇ ಪ್ಲಾಸ್ಟಿಕ್ ಕುರ್ಚಿಗೆ ವಾಪಸ್. ಎತ್ತರದ ಮೇಜು, ಅದರ ಅಂಚಿಗೆ ಒತ್ತಿದ ಮಣಿಕಟ್ಟು, ಎದುರಿಗೆ ನಾವು-ನೀವು ನಿಂತ ಸಾಲು. ಯಾವಾಗ ಏಳುವುದು ಮಾರ್ರೆ?

ಬೈಂದೂರು, ಬ್ರಹ್ಮಾವರ 2018ರಲ್ಲಿ ತಾಲೂಕಾದವು. ಕಚೇರಿ ಹತ್ತಿರ ಬಂತು, ಖುಷಿಯೇ. ಪಹಣಿ, ಜಾತಿ-ಆದಾಯ ಪತ್ರ, ಇ-ಸ್ವತ್ತು ಎಲ್ಲವೂ ಈಗ ಕೀಬೋರ್ಡಿನ ಮೇಲೆ. 2023ರ ಜುಲೈಯಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗಿನ ಸಾಲು ನೆನಪಿದೆಯಲ್ಲ? ಸರ್ವರ್ ಕೈಕೊಟ್ಟರೆ ಒಂದೇ ಅರ್ಜಿಗೆ ಮತ್ತೆ ಮತ್ತೆ ಕ್ಲಿಕ್. ಗ್ರಾಮ ಒನ್ ನಡೆಸುವವರಿಗಂತೂ ಸಂಬಳವಿಲ್ಲ, ಅದು ಫ್ರಾಂಚೈಸಿ. ಅರ್ಜಿ ಎಷ್ಟೋ ಆದಾಯ ಅಷ್ಟು. ಅವರಿಗೆ ವಿರಾಮ ಎಂದರೆ ಕಿಸೆಯ ದುಡ್ಡು ಹೋದ ಹಾಗೆ.

"ಫ್ಯಾನಿನಡಿ ಕೂತು ಬೆರಳಾಡಿಸುವವರಿಗೆ ಎಂಥ ನೋವು?" ಎನ್ನುವವರು ನಮ್ಮೂರಲ್ಲೇ ಇದ್ದಾರೆ. ಬೀಡಿ ಕಟ್ಟಿ ಕಟ್ಟಿ ಅಮ್ಮಂದಿರ ಕುತ್ತಿಗೆ, ಬೆರಳು ಏನಾಯಿತು ಎಂದು ಕಂಡ ಊರು ಈ ಮಾತಾಡಬಾರದು. ಇಟಲಿಯ ವೈದ್ಯ ರಾಮಾಝೀನಿ ಗುಮಾಸ್ತರ ಕೈನೋವಿನ ಬಗ್ಗೆ 1713ರಲ್ಲೇ ಬರೆದಿದ್ದ. ಬ್ರಿಟನ್ 1908ರಲ್ಲಿ ತಂತಿ ಕಚೇರಿ ನೌಕರರ ಕೈಸೆಳೆತಕ್ಕೆ ಪರಿಹಾರ ಕೊಡಬೇಕೆಂದು ಒಪ್ಪಿತು. ನಾವಿನ್ನೂ ವ್ಯಾಯಾಮದ ಚಿತ್ರ ಹಂಚುತ್ತಿದ್ದೇವೆ.

ಕಲಿಸುವುದಾದರೆ ಇದನ್ನು ಕಲಿಸಿ: ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ಎಣ್ಣೆ ತಿಕ್ಕಿ ತಿಂಗಳು ಕಳೆಯಬೇಡಿ, ವೈದ್ಯರಿಗೆ ತೋರಿಸಿ. ಹಿಡಿದ ಲೋಟ ಜಾರುವವರೆಗೆ ಕಾಯುವುದು ಬೇಡ.

ಆದರೆ ತರಬೇತಿಯ ಮುಂದಿನ ಸಾಲಿನಲ್ಲಿ ಕೂರಬೇಕಾದವರು ಪಿಡಿಒ, ತಹಶೀಲ್ದಾರ್, ಸೊಸೈಟಿ ಮ್ಯಾನೇಜರ್. ಕುರ್ಚಿ ಖರೀದಿಗೆ ಸಹಿ ಹಾಕುವವರು ಅವರು. ಮೊಣಕೈ ಮಟ್ಟಕ್ಕೆ ಕೀಬೋರ್ಡ್, ಅದರ ಪಕ್ಕದಲ್ಲೇ ಮೌಸ್, ಕಣ್ಣಿನ ಮಟ್ಟಕ್ಕೆ ಪರದೆ, ಕಾಲು ನೆಲಕ್ಕೆ ತಾಗದಿದ್ದರೆ ಕೆಳಗೊಂದು ಮರದ ಹಲಗೆ. ಲ್ಯಾಪ್‌ಟಾಪ್ ಆದರೆ ಹಳೆಯ ಕಡತಗಳ ಕಟ್ಟಿನ ಮೇಲಿಟ್ಟು ಬೇರೆ ಕೀಬೋರ್ಡ್ ಕೊಡಿ. (ಕಡತಕ್ಕೇನು ನಮ್ಮ ಕಚೇರಿಗಳಲ್ಲಿ ಬರವಿಲ್ಲ.) ಇದಕ್ಕೆ ಟೆಂಡರ್ ಬೇಕೇ?

ಮುಂದಿನ ಗ್ರಾಮಸಭೆಯಲ್ಲಿ ದಾರಿದೀಪ, ಚರಂಡಿಯ ಜೊತೆ ಇದನ್ನೂ ಕೇಳಿ: ನಮ್ಮ ಪಂಚಾಯತಿನ ಡಾಟಾ ಎಂಟ್ರಿ ಆಪರೇಟರ್ ಕೂರುವ ಕುರ್ಚಿ ಎಂಥದ್ದು? ಗಂಟೆಗೆ ಐದು ನಿಮಿಷ ಕೌಂಟರ್ ಬಂದ್ ಎಂದು ಬೋರ್ಡು ಹಾಕುತ್ತೀರಾ? ಹಾಕಿದರೆ ಸಾಲಿನಲ್ಲಿ ನಿಂತ ನಾವೂ ಬೈಯದೆ ಕಾಯುತ್ತೇವೆ.