ಟ್ಯಾಂಕ್ ಬಿಡಿ, ಯೋಧ ಕೂರುವ ಬಸ್ಸಿನ ಬಗ್ಗೆ ಮಾತಾಡೋಣ

ಮದ್ದೂರಿನಿಂದ ಮಳವಳ್ಳಿ ಕಡೆ ಹೊರಟರೆ ದಾರಿಯಲ್ಲಿ ಕೆ.ಎಂ. ದೊಡ್ಡಿ ಸಿಗುತ್ತೆ. ನಮ್ಮಲ್ಲಿ ಎಷ್ಟೋ ಜನ ದಿನಾ ಆ ರೂಟಿನ ಬಸ್ಸಲ್ಲೇ ಕಾಲೇಜಿಗೆ ಬರೋದು. ಅಲ್ಲೇ ಹತ್ತಿರದ ಗುಡಿಗೆರೆ ಕಾಲೋನಿಯ ಸಿಆರ್‌ಪಿಎಫ್ ಯೋಧ ಎಚ್. ಗುರು, ರಜೆ ಮುಗಿಸಿ ಊರು ಬಿಟ್ಟ ಕೆಲವೇ ದಿನಕ್ಕೆ, 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಹುತಾತ್ಮರಾದರು. ಒಟ್ಟು 40 ಮಂದಿ. ನಾವಾಗ ಹೈಸ್ಕೂಲಿನಲ್ಲಿದ್ದೆವು. ಈ ರಸ್ತೆಯಲ್ಲಿ ಅವತ್ತು ಸೇರಿದ್ದ ಜನವನ್ನು ಇನ್ನೂ ಮರೆತಿಲ್ಲ.

ಈಗ ಎಂಜಿನಿಯರಿಂಗ್ ಓದುತ್ತಿದ್ದೇವೆ. ಹಾಸ್ಟೆಲಲ್ಲಿ ಮಿಲಿಟರಿ ಗಾಡಿ ಅಂದ ತಕ್ಷಣ ಅರ್ಜುನ್ ಮೇಲಾ, ಟಿ-90 ಮೇಲಾ ಅಂತ ಜಗಳ ಶುರು. ಆದರೆ ಗುರು ಅವರು ಕೂತಿದ್ದದ್ದು ಟ್ಯಾಂಕಿನಲ್ಲಲ್ಲ, ಬಸ್ಸಿನಲ್ಲಿ. ಸುಮಾರು 2,500 ಜನರನ್ನು ಹೊತ್ತು 78 ವಾಹನಗಳು ಸಾಲಾಗಿ ಹೊರಟಿದ್ದವು. ಯೋಧ ಹೆಚ್ಚಾಗಿ ಓಡಾಡೋದು ಇಂಥ ಬಸ್ಸು, ಲಾರಿಗಳಲ್ಲೇ. ಅದರ ಬಗ್ಗೆ ನಾವು ಮಾತೇ ಆಡಲ್ಲ.

ಈ ಗಾಡಿಗಳ ಇತಿಹಾಸ ಬಲು ಹಳೆಯದೇನಲ್ಲ. ಮೊದಲ ಟ್ಯಾಂಕ್ ಯುದ್ಧಕ್ಕಿಳಿದದ್ದು 1916ರಲ್ಲಿ, ಫ್ರಾನ್ಸಿನ ಸೋಮ್‌ನಲ್ಲಿ. ಅದಾಗಿ ಎರಡು ವರ್ಷದ ಮೇಲೂ ನಮ್ಮ ಮೈಸೂರು ಲ್ಯಾನ್ಸರ್ಸ್ ಹೈಫಾದಲ್ಲಿ ಮೆಷಿನ್ ಗನ್ನಿಗೆ ಎದುರಾಗಿ ನುಗ್ಗಿದ್ದು ಕುದುರೆ ಮೇಲೆ, ಭರ್ಜಿ ಹಿಡಿದು. ಆಮೇಲೆ ಬೆಂಗಳೂರಿನ ಬೆಮೆಲ್ 1986ರಲ್ಲಿ ಜೆಕೊಸ್ಲೊವಾಕಿಯಾದ ಜೊತೆ ಒಪ್ಪಂದ ಮಾಡಿಕೊಂಡು ಟಾಟ್ರಾ ಟ್ರಕ್ ತಯಾರಿಸಿತು. ಮಾಮೂಲಿ ಲಾರಿಯ ಚಾಸಿ ಏಣಿಯ ಹಾಗಿರುತ್ತೆ. ಟಾಟ್ರಾದಲ್ಲಿ ನಡುವೆ ಬೆನ್ನುಮೂಳೆಯಂಥ ಒಂದೇ ಕೊಳವೆ, ಎರಡೂ ಕಡೆ ಚಕ್ರಗಳು ಬೇರೆಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ. ಹಳ್ಳದಿಣ್ಣೆಗೂ ಜಗ್ಗಲ್ಲ. ಪಿನಾಕ ರಾಕೆಟ್ಟುಗಳನ್ನು ಹೊತ್ತು ತಿರುಗೋದು ಇದೇ.

ಯೋಧನನ್ನು ಹೊರುವ ಗಾಡಿಗೆ ಬಂದ ದೊಡ್ಡ ಬದಲಾವಣೆ ಅಂದರೆ 'ವಿ' ಆಕಾರದ ತಳ. ತಳ ಚಪ್ಪಟೆಯಾಗಿದ್ದರೆ ನೆಲಬಾಂಬಿನ ಹೊಡೆತವೆಲ್ಲ ನೇರ ಒಳಗೇ. ಇಳಿಜಾರಾಗಿದ್ದರೆ ಬಹುಪಾಲು ಪಕ್ಕಕ್ಕೆ ಜಾರುತ್ತೆ. ದಕ್ಷಿಣ ಆಫ್ರಿಕಾದ ಕ್ಯಾಸ್ಪಿರ್ ಇದನ್ನು ತೋರಿಸಿಕೊಟ್ಟಿತು. ನಮ್ಮ ಮೇದಕ್ ಕಾರ್ಖಾನೆಯಲ್ಲೂ ಇಂಥ ವಾಹನ ತಯಾರಾಯಿತು.

ಹಾಗಂತ ಎಲ್ಲರಿಗೂ ಕವಚದ ಗಾಡಿ ಕೊಟ್ಟರೆ ಮುಗೀತಾ? ಇಲ್ಲ. 2018ರ ಮಾರ್ಚಿನಲ್ಲಿ ಸುಕ್ಮಾದಲ್ಲಿ ಸತ್ತ ಒಂಬತ್ತು ಸಿಆರ್‌ಪಿಎಫ್ ಯೋಧರು ಇಂಥ ಗಾಡಿಯೊಳಗೇ ಇದ್ದರು. ಪುಲ್ವಾಮಾದಲ್ಲಿ ಸ್ಫೋಟ ಬಂದದ್ದು ಕೆಳಗಿಂದಲ್ಲ, ಪಕ್ಕದ ಕಾರಿನಿಂದ. ಕವಚ ದಪ್ಪ ಮಾಡಿದಷ್ಟೂ ತೂಕ ಏರುತ್ತೆ. ಎಂಜಿನ್, ಬ್ರೇಕು, ಟೈರು, ಕೊನೆಗೆ ದಾರಿಯ ಸೇತುವೆ, ಎಲ್ಲವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ದಾಳಿಯಾದ ಒಂದು ವಾರಕ್ಕೆ ಸರ್ಕಾರ ಕೇಂದ್ರ ಪಡೆಗಳ ಎಲ್ಲ ಸಿಬ್ಬಂದಿಗೂ ದೆಹಲಿ–ಶ್ರೀನಗರ, ಜಮ್ಮು–ಶ್ರೀನಗರ ವಿಮಾನ ಪ್ರಯಾಣಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ಪ್ರಕಾರ ಕವಚಕ್ಕಿಂತ ದೊಡ್ಡ ರಕ್ಷಣೆ ಅದೇ: ಅಪಾಯದ ರಸ್ತೆಗೆ ಅಷ್ಟು ಜನರನ್ನು ಒಟ್ಟಿಗೆ ಇಳಿಸದೇ ಇರೋದು. ಆದರೂ ಯಾರೋ ಒಬ್ಬರು ರಸ್ತೆಯಲ್ಲಿ ಹೋಗಲೇಬೇಕಲ್ಲ, ಅವರಿಗಾಗಿ ಗಾಡಿ ಸುಧಾರಿಸಲೇಬೇಕು.

'ಅದೆಲ್ಲ ಡಿಆರ್‌ಡಿಒದವರ ಕೆಲಸ ಕಣ್ರೋ, ನಮ್ಮ ಕೈಲಿ ಏನಾಯ್ತದೆ' ಅಂತೀರಾ? ಟ್ಯಾಂಕು ಮಾಡೋದು ಬೇಡ. ಸ್ಫೋಟದ ಪೆಟ್ಟು ಬೆನ್ನುಮೂಳೆಗೆ ತಾಗದಂತೆ ಸೀಟನ್ನು ನೆಲಕ್ಕೆ ಬೋಲ್ಟ್ ಹಾಕದೆ ಮೇಲಿಂದ ತೂಗುಹಾಕುತ್ತಾರೆ. ಅದರ ಲೆಕ್ಕ ಮೆಕ್ಯಾನಿಕಲ್‌ನವರು ಕಂಪ್ಯೂಟರಿನಲ್ಲೇ ಮಾಡಿ ನೋಡಬಹುದು. ಬಾಂಬು ಹೂಳೋಕೆ ಹೆಚ್ಚಾಗಿ ಹುಡುಕೋದು ರಸ್ತೆಯಡಿಯ ಮೋರಿಯನ್ನು. ಅದು ಸಿವಿಲ್‌ನವರ ಪ್ರಶ್ನೆ. ಮೋರಿಯೊಳಗೆ ಯಾರಾದರೂ ನುಸುಳಿದರೆ ತಿಳಿಸುವ ಸೆನ್ಸರ್ ಎಲೆಕ್ಟ್ರಾನಿಕ್ಸ್‌ನವರದ್ದು. ಕೊನೇ ವರ್ಷಕ್ಕೆ ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರೋ ಬದಲು ಇದರಲ್ಲೊಂದನ್ನು ಹಿಡಿದು, ಸೋತರೂ ಪರವಾಗಿಲ್ಲ, ಮಾಡಿ ನೋಡೋಣ.

ಪ್ರತಿ ಫೆಬ್ರವರಿ 14ಕ್ಕೆ ನಾವು ಸ್ಟೇಟಸ್ ಹಾಕ್ತೀವಿ, ಮೇಣದಬತ್ತಿ ಹಚ್ತೀವಿ. ಹಚ್ಚೋಣ. ಮಾರನೇ ದಿನ ಕೆ.ಎಂ. ದೊಡ್ಡಿ ದಾಟುವಾಗ ನಾವು ಕೂತ ಬಸ್ಸಿನ ತಗಡು ಎಷ್ಟು ತೆಳು ಅಂತ ಒಮ್ಮೆ ಮುಟ್ಟಿ ನೋಡೋಣ.