ಚಿಕ್ಕ ಅಡುಗೆಮನೆಯಲ್ಲಿ ಜಾಗ ಉಳಿಸುವ ಟಿಪ್ಸ್: ಯಾವುದು ಸರಿ, ಯಾವುದು ಅಪಾಯ?

‘ಅಡುಗೆಮನೆ ಚಿಕ್ಕದಾಯ್ತಾ? ಈ ಟ್ರಿಕ್ಸ್ ನೋಡಿ’ ಎಂಬಂಥ ವಿಡಿಯೋಗಳು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಸ್ಟವ್, ಸಿಲಿಂಡರ್, ಮಿಕ್ಸಿ, ಅಕ್ಕಿ ಡಬ್ಬ ಎಲ್ಲವೂ ನಾಲ್ಕು ಹೆಜ್ಜೆ ಜಾಗದಲ್ಲಿ ಇರಬೇಕಾದಾಗ ಇಂಥ ಸಲಹೆಗಳು ಬೇಕೇ ಬೇಕು. ಗೋಡೆಗೆ ಕೊಕ್ಕೆ ಹೊಡೆದು ಸೌಟು ನೇತುಹಾಕಿದರೆ ಯಾವ ತೊಂದರೆಯೂ ಇಲ್ಲ. ಆದರೆ ಕೆಲವು ಸಲಹೆಗಳು ಜಾಗವನ್ನಷ್ಟೇ ನೋಡುತ್ತವೆ, ಯಾವುದರ ಪಕ್ಕ ಯಾವುದು ಇರಬಾರದು ಎಂಬುದನ್ನು ಮರೆಯುತ್ತವೆ. ಅಂಥ ನಾಲ್ಕನ್ನು ನಾವಿಲ್ಲಿ ನೋಡೋಣ.

1. ‘ಸಿಲಿಂಡರನ್ನು ಕಪಾಟಿನೊಳಗೆ ಮುಚ್ಚಿಡಿ’

ಇದು ಅಪಾಯ. ಎಲ್‌ಪಿಜಿ ಗಾಳಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೇರಿ ಕಿಟಕಿಯಿಂದ ಹೊರಹೋಗುವುದಿಲ್ಲ, ನೆಲಮಟ್ಟದಲ್ಲೇ ತುಂಬಿಕೊಳ್ಳುತ್ತದೆ. ಕಪಾಟಿನ ಬಾಗಿಲು ಮುಚ್ಚಿದ್ದರೆ ವಾಸನೆಯೂ ಬೇಗ ತಿಳಿಯದು. ಕಪಾಟಿನೊಳಗೇ ಇಡಬೇಕಾದರೆ ತಳಮಟ್ಟದಲ್ಲಿ ಗಾಳಿಯಾಡುವ ಕಿಂಡಿಗಳಿರಲಿ. ಸಿಲಿಂಡರನ್ನು ಯಾವಾಗಲೂ ನಿಲ್ಲಿಸಿಯೇ ಇಡಿ, ಮಲಗಿಸಬೇಡಿ. ಸ್ಟವ್ ಅದಕ್ಕಿಂತ ಎತ್ತರದಲ್ಲಿರಲಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಆನ್ ಅಥವಾ ಆಫ್ ಮಾಡಬೇಡಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಬನ್ನಿ. ಹೊರಬಂದ ಮೇಲೆ 1906ಕ್ಕೆ ಕರೆ ಮಾಡಿ. ಅದು ಎಲ್‌ಪಿಜಿ ತುರ್ತು ಸಹಾಯವಾಣಿ.

2. ‘ಖಾಲಿ ನೀರಿನ ಬಾಟಲಿಗೆ ಫಿನಾಯಿಲ್, ಆಸಿಡ್ ತುಂಬಿಡಿ’

ಇದನ್ನು ಖಂಡಿತ ಮಾಡಬೇಡಿ. ಬಾಯಾರಿದ ಮಗು ಬಾಟಲಿಯ ಆಕಾರ ನೋಡುತ್ತದೆಯೇ ಹೊರತು ಒಳಗೇನಿದೆ ಎಂದು ನೋಡುವುದಿಲ್ಲ. ಕತ್ತಲಲ್ಲಿ ದೊಡ್ಡವರೂ ಎಡವಬಹುದು. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ಒಳಗೆ ಹೋಗುವಾಗ ಗಂಟಲು ಸುಟ್ಟ ಆಸಿಡ್, ಹೊರಬರುವಾಗ ಮತ್ತೆ ಸುಡುತ್ತದೆ. ಬಾಟಲಿ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ. ಟಾಯ್ಲೆಟ್ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಅಕ್ಕಪಕ್ಕ ಇಡಬೇಡಿ, ಎರಡೂ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

3. ‘ಈರುಳ್ಳಿ, ಆಲೂಗಡ್ಡೆಗೆ ಒಂದೇ ಬುಟ್ಟಿ ಸಾಕು’

ಜೊತೆಗಿಟ್ಟರೆ ವಿಷವಾಗುತ್ತದೆ ಎಂಬ ಫಾರ್ವರ್ಡ್ ಸುಳ್ಳು. ಆದರೆ ಆಲೂಗಡ್ಡೆಯ ತೇವಕ್ಕೆ ಈರುಳ್ಳಿ ಬೇಗ ಕೊಳೆಯುತ್ತದೆ, ಹಾಗಾಗಿ ಬೇರೆ ಬೇರೆ ಬುಟ್ಟಿಯೇ ಒಳ್ಳೆಯದು. ಆಲೂಗಡ್ಡೆಯ ನಿಜವಾದ ಶತ್ರು ಬೆಳಕು. ಬೆಳಕಿಗೆ ಹಸಿರಾದ ಆಲೂಗಡ್ಡೆಯಲ್ಲಿ ಸೋಲನೈನ್ ಎಂಬ ವಿಷಕಾರಿ ಅಂಶ ಹೆಚ್ಚುತ್ತದೆ, ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ತುಂಬಾ ಹಸಿರಾಗಿದ್ದರೆ ಅಥವಾ ಕಹಿಯಾಗಿದ್ದರೆ ಎಸೆದುಬಿಡಿ.

4. ‘ಸ್ಟವ್ ಮೇಲಿನ ಗೋಡೆಗೆ ಎಣ್ಣೆ, ಮಸಾಲೆ ಶೆಲ್ಫ್’

ಕೈಗೆ ಸಿಗುತ್ತದೆ ನಿಜ, ಆದರೆ ಬಿಸಿ ಮತ್ತು ಬೆಳಕಿಗೆ ಎಣ್ಣೆ ಬೇಗ ಕಮಟುತ್ತದೆ. ಆವಿ ತಾಗಿದರೆ ಸಾರಿನ ಪುಡಿ ಗಂಟುಕಟ್ಟುತ್ತದೆ. ಉರಿಯುವ ಸ್ಟವ್ ಮೇಲಿಂದ ಕೈ ಚಾಚುವಾಗ ಸೀರೆ ಸೆರಗಿಗೋ ದುಪಟ್ಟಾಗೋ ಬೆಂಕಿ ತಗುಲಬಹುದು. ಶೆಲ್ಫನ್ನು ಸ್ಟವ್‌ನಿಂದ ಒಂದಿಷ್ಟು ಪಕ್ಕಕ್ಕೆ ಸರಿಸಿ.

ಹಾಗಾದರೆ ಜಾಗ ಎಲ್ಲಿ ಸಿಗುತ್ತದೆ?

ಹೊಸ ಡಬ್ಬ, ಹೊಸ ರ‍್ಯಾಕ್ ಕೊಳ್ಳುವ ಮೊದಲು ಇರುವುದನ್ನು ಹೊರತೆಗೆದು ನೋಡಿ. ವರ್ಷದಿಂದ ಮುಟ್ಟದ ಪಾತ್ರೆಗಳನ್ನು ಅಟ್ಟಕ್ಕೆ ಹಾಕಿ ಅಥವಾ ಬೇಕಾದವರಿಗೆ ಕೊಡಿ. ದಿನಾ ಬಳಸುವುದು ಸೊಂಟದಿಂದ ಕಣ್ಣಿನ ಎತ್ತರದೊಳಗೆ ಇರಲಿ, ಕುಕ್ಕರ್, ಗ್ರೈಂಡರಿನಂಥ ಭಾರದವು ಕೆಳಗಿರಲಿ. ಚೌಕಾಕಾರದ ಡಬ್ಬಗಳ ನಡುವೆ ದುಂಡನೆಯವುಗಳಂತೆ ಸಂದು ಉಳಿಯುವುದಿಲ್ಲ. ಹೊಸ ಬೇಳೆಯನ್ನು ಹಳೆಯದರ ಮೇಲೆ ಸುರಿಯಬೇಡಿ, ಹಳೆಯದು ಮುಗಿದ ಮೇಲೆ ಡಬ್ಬ ತೊಳೆದು, ಒಣಗಿಸಿ ತುಂಬಿ.

ಮುಂದಿನ ಬಾರಿ ಇಂಥ ವಿಡಿಯೋ ಬಂದಾಗ ಫಾರ್ವರ್ಡ್ ಮಾಡುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಸೋರಿದರೆ, ಬಿದ್ದರೆ, ಮಗುವಿನ ಕೈಗೆ ಸಿಕ್ಕರೆ ಏನಾಗುತ್ತದೆ? ಉತ್ತರ ಗೊತ್ತಾದ ಮೇಲೆ ಹಂಚಿಕೊಳ್ಳಿ.